ಮೂರು ಅಂಗಡಿ, ಒಂದೇ ಧಾರಣೆ: ಇದಕ್ಕೆ ಏನೆನ್ನಬೇಕು?

ಕಳೆದ ಮಳೆಗಾಲಕ್ಕೆ ಮುಂಚೆ ಅಪ್ಪಚ್ಚಿಯ (ಚಿಕ್ಕಪ್ಪನ) ಜೊತೆ ಪೇಟೆಗೆ ಚಾಲಿ ಅಡಕೆ ಮಾರಲು ಹೋಗಿದ್ದೆ. ಜೀಪಿನ ಹಿಂದೆ ನಾಲ್ಕು ಗೋಣಿ. ಮೊದಲನೇ ಅಂಗಡಿಯವರು ಒಂದು ಗೋಣಿಯ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ಅಡಿಯಿಂದ ಒಂದು ಮುಷ್ಟಿ ಎತ್ತಿದರು. ಎರಡು ಅಡಕೆಯನ್ನು ಅಡಕತ್ತರಿಯಲ್ಲಿ ಸೀಳಿ, ಒಳಗಿನ ಬಿಳಿ ನೋಡಿ ಧಾರಣೆ ಹೇಳಿದರು. ಎರಡನೇ ಅಂಗಡಿಯಲ್ಲೂ ಅದೇ ಪರೀಕ್ಷೆ, ಅದೇ ಧಾರಣೆ. ಮೂರನೆಯವರು ಗೋಣಿ ಬಿಚ್ಚಲೇ ಇಲ್ಲ. ಹೊರಗಿನಿಂದಲೇ ತಟ್ಟಿ ನೋಡಿ ಅದೇ ಸಂಖ್ಯೆ ಹೇಳಿಬಿಟ್ಟರು.

ಜೀಪು ಹತ್ತುವಾಗ ಅಪ್ಪಚ್ಚಿ ಅಂದರು: "ಮೂರೂ ಜೆನ ಒಂದೇ ರೇಟು ಹೇಳ್ತವನ್ನೆ. ಇದು ಕುತ್ತಕ ಅಲ್ಲದ್ದೆ ಮತ್ತೆಂತರ?"

ಅವರ ಸಿಟ್ಟು ನನಗೆ ಅರ್ಥವಾಯಿತು. ಕುತ್ತಕ, ಅಂದರೆ ಏಕಸ್ವಾಮ್ಯ, ಎಂಬ ಶಬ್ದ ಮಾತ್ರ ಸರಿ ಅನ್ನಿಸಲಿಲ್ಲ. ನಾನು ಪ್ಲಸ್ ಟು ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವವನು. ಏಕಸ್ವಾಮ್ಯ, ಕಾರ್ಟೆಲ್, ಟ್ರಸ್ಟ್, ಸಿಂಡಿಕೇಟ್, ಇವೆಲ್ಲ ದೊಡ್ಡ ಕುಳಗಳಿಗೆ ಇಟ್ಟ ಬೇರೆ ಬೇರೆ ಹೆಸರು ಅಷ್ಟೇ ತಾನೇ ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಅಷ್ಟೇ ಅಲ್ಲ. ಒಂದು ಶಬ್ದ ಎಷ್ಟು ಮಂದಿ ಎಂಬುದನ್ನು ಹೇಳುತ್ತದೆ, ಇನ್ನೊಂದು ಅವರೊಳಗೆ ಮಾತಾಗಿದೆಯೇ ಎಂಬುದನ್ನು. ಮತ್ತೊಂದು ಒಡೆತನ ಯಾರ ಕೈಯಲ್ಲಿದೆ ಎಂದು ಹೇಳುತ್ತದೆ. ಮಾರುವವರ ಬಗ್ಗೆ ಆಡಿದ ಶಬ್ದವನ್ನು ಕೊಳ್ಳುವವರ ಮೇಲೆ ಹೊರಿಸಿದರೆ ದೂರು ಹೋಗಬೇಕಾದ ಬಾಗಿಲೇ ತಪ್ಪುತ್ತದೆ.

ಮೊದಲು ಅಪ್ಪಚ್ಚಿಯ ಶಬ್ದವನ್ನೇ ತೆಗೆದುಕೊಳ್ಳೋಣ. ಕುತ್ತಕ ಮಲಯಾಳದ್ದು, ಏಕಸ್ವಾಮ್ಯಕ್ಕೆ ಅಲ್ಲಿನ ಪತ್ರಿಕೆಗಳೂ ಭಾಷಣಗಳೂ ಬಳಸುವ ಶಬ್ದ. ಅದೂ ನಮ್ಮ ಗುತ್ತಿಗೆಯೂ ಒಂದೇ ಬುಡದ ಕವಲುಗಳು, ತಮಿಳಿನ ಕುತ್ತಗೈ ಕೂಡ. ಕನ್ನಡ, ತಮಿಳುಗಳಲ್ಲಿ ಅದು ಕರಾರು, ಗೇಣಿ ಎಂಬ ಅರ್ಥದಲ್ಲಿ ನಿಂತಿತು. ಮಲಯಾಳದಲ್ಲಿ ಮುಂದೆ ಹೋಗಿ ಏಕಸ್ವಾಮ್ಯವಾಯಿತು. ಈ ಜಾರುವಿಕೆಯಲ್ಲಿ ನನಗೆ ಅಚ್ಚರಿಯೇನೂ ಕಾಣುವುದಿಲ್ಲ. ಒಂದು ಸರಕು ಮಾರುವ ಹಕ್ಕನ್ನು ಆಳುವವರು ಒಬ್ಬನಿಗೆ ಗುತ್ತಿಗೆ ಕೊಟ್ಟರೆ ಉಳಿದವರಿಗೆಲ್ಲ ಆ ಬಾಗಿಲು ಮುಚ್ಚಿದಂತೆಯೇ. ಕಾಸರಗೋಡಿನ ನಮ್ಮ ಊರುಗಳು ಕೆನರಾ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಉಪ್ಪನ್ನೂ ಹೊಗೆಸೊಪ್ಪನ್ನೂ ಹೀಗೆ ತನ್ನದಾಗಿ ಮಾಡಿಕೊಂಡಿತ್ತು. 1830-31ರಲ್ಲಿ ಇಲ್ಲಿನ ರೈತರು ಕೂಟ ಸೇರಿ ತಿರುಗಿಬಿದ್ದಾಗ ಕಂದಾಯದ ಭಾರದ ಜೊತೆ ಈ ಸಂಕಟವೂ ಸೇರಿತ್ತು. ಸಮುದ್ರ ಕಣ್ಣೆದುರಿಗೇ ಇದ್ದೂ ಉಪ್ಪನ್ನು ಸರ್ಕಾರ ಹೇಳಿದ ಬೆಲೆಗೆ ಕೊಳ್ಳಬೇಕೆಂದರೆ ಯಾರಿಗೆ ತಾನೇ ಹೊಟ್ಟೆ ಉರಿಯದು?

ಅಂದರೆ ಏಕಸ್ವಾಮ್ಯಕ್ಕೆ ಮೂರು ಗುರುತು. ಮಾರುವವರು ಒಬ್ಬರೇ. ಆ ಸರಕಿನ ಬದಲಿಗೆ ಬಳಸಬಹುದಾದದ್ದು ಹತ್ತಿರದಲ್ಲಿ ಇಲ್ಲ. ಹೊಸಬರು ಒಳಗೆ ಬರಲು ದಾರಿ ಇಲ್ಲ. ಕಾಸರಗೋಡಿನ ನಮ್ಮ ಮನೆಗಳಿಗೆ ಕರೆಂಟು ಕೊಡುವುದು ಕೇರಳದ ವಿದ್ಯುತ್ ಮಂಡಳಿ ಒಂದೇ. ಅದಕ್ಕೆ ಕಾರಣ ದುರಾಸೆಯಲ್ಲ, ಕಂಬ ಮತ್ತು ತಂತಿ. ಒಂದೇ ಗುಡ್ಡಕ್ಕೆ ಎರಡು ಕಂಪನಿಗಳು ಎರಡು ಸಾಲು ಕಂಬ ಹಾಕಿದರೆ ಇಬ್ಬರಿಗೂ ನಷ್ಟ, ಬಿಲ್ಲು ಕಟ್ಟುವವನಿಗೆ ಇನ್ನೂ ಹೆಚ್ಚು. ಇಂಥದ್ದನ್ನು ಸಹಜ ಏಕಸ್ವಾಮ್ಯ ಅನ್ನುತ್ತಾರೆ. ಬೆಲೆ ಇಡುವ ಅಧಿಕಾರವನ್ನು ಮಾರುವವರ ಕೈಯಿಂದ ತೆಗೆದು ನಿಯಂತ್ರಣ ಆಯೋಗಕ್ಕೆ ಕೊಟ್ಟಿರುವುದೂ ಅದಕ್ಕಾಗಿಯೇ.

ಒಬ್ಬರೇ ಇರುವುದು ನಮ್ಮ ಕಾನೂನಿನಲ್ಲಿ ಅಪರಾಧವಲ್ಲ. 1969ರ ಏಕಸ್ವಾಮ್ಯ ಕಾಯ್ದೆ ದೊಡ್ಡದಾಗಿ ಬೆಳೆಯುವುದನ್ನೇ ಸಂಶಯದಿಂದ ನೋಡುತ್ತಿತ್ತು. ಅದರ ಜಾಗಕ್ಕೆ ಬಂದ 2002ರ ಸ್ಪರ್ಧಾ ಕಾಯ್ದೆ ಗಾತ್ರವನ್ನು ಬಿಟ್ಟು ನಡತೆಯನ್ನು ನೋಡುತ್ತದೆ. ಅದರ 4ನೇ ಸೆಕ್ಷನ್ ಪ್ರಕಾರ ತಪ್ಪು ಇರುವುದು ಪ್ರಾಬಲ್ಯದಲ್ಲಲ್ಲ, ಪ್ರಾಬಲ್ಯದ ದುರುಪಯೋಗದಲ್ಲಿ.

ಅಪ್ಪಚ್ಚಿಯ ಪೇಟೆಯಲ್ಲಿ ಅಂಗಡಿ ಇದ್ದದ್ದು ಒಂದಲ್ಲ, ಮೂರು. ಹಾಗಾಗಿ ಕುತ್ತಕ ಎಂಬ ಶಬ್ದ ಮೊದಲ ಹೆಜ್ಜೆಯಲ್ಲೇ ಹೊರಗೆ ಹೋಗುತ್ತದೆ.

ಕೆಲವೇ ಮಂದಿ ಮಾರುವವರಿರುವ ಮಾರುಕಟ್ಟೆಗೆ ಆಲಿಗೊಪಲಿ ಎಂದು ಹೆಸರು. ಕನ್ನಡದ ಪಠ್ಯಗಳಲ್ಲಿ ಅಲ್ಪಸ್ವಾಮ್ಯ ಎಂದೂ ಕತಿಪಯಸ್ವಾಮ್ಯ ಎಂದೂ ಬರೆದದ್ದುಂಟು. ಎರಡನೆಯದನ್ನು ಕೇಳಿದ ಮಕ್ಕಳ ಮುಖ ಬಾಡುತ್ತದೆ, ಹಾಗಾಗಿ ನಾನು ಮೊದಲನೆಯದನ್ನೇ ಬಳಸುತ್ತೇನೆ. ಇಬ್ಬರೇ ಇದ್ದರೆ ದ್ವಿಸ್ವಾಮ್ಯ. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಹೆಚ್ಚಾಗಿ ಎರಡು ರಾಜ್ಯಗಳ ಸಾರಿಗೆ ಬಸ್ಸುಗಳೇ ಒಂದರ ಹಿಂದೆ ಒಂದು ಓಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಶಬ್ದ ಎಷ್ಟು ಮಂದಿ ಎಂಬುದನ್ನು ಮಾತ್ರ ಹೇಳುತ್ತದೆ. ಅವರು ಒಳ್ಳೆಯವರೋ ಕೆಟ್ಟವರೋ, ಒಳಗೊಳಗೆ ಮಾತಾಡಿಕೊಂಡಿದ್ದಾರೋ ಇಲ್ಲವೋ ಎಂಬುದು ಅದರಲ್ಲಿಲ್ಲ. ಕೆಲವರೇ ಇದ್ದಲ್ಲಿ ಒಂದು ವಿಶೇಷ ನಡೆಯುತ್ತದೆ: ಪ್ರತಿಯೊಬ್ಬನೂ ಉಳಿದವರ ಮುಖ ನೋಡಿಯೇ ಹೆಜ್ಜೆ ಇಡುತ್ತಾನೆ. 2024ರ ಜೂನ್ 27ರಂದು ಜಿಯೋ ತನ್ನ ಮೊಬೈಲ್ ದರ ಏರಿಸುವುದಾಗಿ ಹೇಳಿತು. ಮರುದಿನವೇ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಕೂಡ ಏರಿಸಿದವು. ಜುಲೈ ಮೊದಲ ವಾರದಲ್ಲಿ ಮೂವರ ಹೊಸ ದರವೂ ಜಾರಿಗೆ ಬಂತು. ಇದನ್ನು ಮಾಡಲು ಮೂವರು ಒಂದು ಕೋಣೆಯಲ್ಲಿ ಕೂರಬೇಕಿಲ್ಲ. ದೊಡ್ಡವನು ಏರಿಸಿದ್ದು ಕಂಡ ಕೂಡಲೇ, ತಾನೂ ಏರಿಸಿದರೆ ಗಿರಾಕಿ ಓಡಿಹೋಗಲಾರ ಎಂದು ಉಳಿದವರಿಗೆ ಗೊತ್ತಾಗುತ್ತದೆ. ರೀಚಾರ್ಜ್ ಮಾಡುವ ನಮಗೆ ಫಲ ಒಂದೇ ಇರಬಹುದು, ಆದರೂ ಬರೀ ಹಿಂಬಾಲಿಸುವುದನ್ನು ಕಾನೂನು ಒಪ್ಪಂದ ಎಂದು ಕರೆಯುವುದಿಲ್ಲ.

ಒಪ್ಪಂದ ಬಂದರೆ ಅದು ಕಾರ್ಟೆಲ್. ಈ ಶಬ್ದದ ಹಿಂದೆ ಇರುವುದು ಕಾಗದ ಎಂಬರ್ಥದ ಬೇರು, ಇಟಲಿಯ ಕಾರ್ತೆಲ್ಲೊ. ಒಂದು ಕಾಲಕ್ಕೆ ಯುದ್ಧದಲ್ಲಿದ್ದ ಎರಡು ಸೇನೆಗಳು ಸೆರೆಯಾಳುಗಳನ್ನು ಅದಲುಬದಲು ಮಾಡಿಕೊಳ್ಳಲು ಬರೆದುಕೊಳ್ಳುತ್ತಿದ್ದ ಕರಾರಿಗೆ ಈ ಹೆಸರಿತ್ತು. ಇಂದಿನ ಅರ್ಥಕ್ಕೂ ಅದೇ ಜೀವಾಳ: ಕಾರ್ಟೆಲ್‌ನಲ್ಲಿ ಇರುವವರು ಸ್ಪರ್ಧಿಗಳು. ಬೇರೆ ಬೇರೆ ಅಂಗಡಿ, ಬೇರೆ ಬೇರೆ ಲೆಕ್ಕಪುಸ್ತಕ, ಬೇರೆ ಬೇರೆ ಲಾಭ. ಆದರೆ ಬೆಲೆ ಎಷ್ಟು, ಯಾರಿಗೆ ಯಾವ ಊರು, ಎಷ್ಟು ಸರಕು ಹೊರಗೆ ಬಿಡಬೇಕು ಎಂಬುದರಲ್ಲಿ ಮಾತ್ರ ಒಳಮಾತು. 1924ರ ಕೊನೆಗೆ ಜಿನೀವಾದಲ್ಲಿ ಬಲ್ಬು ತಯಾರಕರು ಫೀಬಸ್ ಎಂಬ ಕೂಟ ಕಟ್ಟಿಕೊಂಡು ಮಾರುಕಟ್ಟೆ ಹಂಚಿಕೊಂಡರು. ಅಷ್ಟಕ್ಕೇ ನಿಲ್ಲದೆ, ಬಲ್ಬು ಸಾವಿರ ಗಂಟೆಗಿಂತ ಹೆಚ್ಚು ಉರಿಯಬಾರದೆಂದೂ ಗೊತ್ತುಮಾಡಿದರು. ಹೆಚ್ಚು ಬಾಳುವ ಬಲ್ಬು ಮಾಡಿದವನಿಗೆ ಕೂಟದೊಳಗೇ ದಂಡ!

ನಮ್ಮ ನೆಲದಲ್ಲೂ ಇದು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವ್ಯಾಪಾರಿಗಳು ಒಟ್ಟುಗೂಡಿ ಸರಕು ತಡೆಹಿಡಿದರೆ ಅಥವಾ ಸಲ್ಲದ ಬೆಲೆಗೆ ಮಾರಿದರೆ ಸಾವಿರ ಪಣ ದಂಡ ಎಂದಿದೆ. ಅಲ್ಲಿಯ ಮಾತು ಸಂಭೂಯ, ಅಂದರೆ ಕೂಡಿಕೊಂಡು. ಕಾರ್ಟೆಲ್ ಎಂಬ ಶಬ್ದಕ್ಕೆ ಅದಕ್ಕಿಂತ ಚಿಕ್ಕ ವ್ಯಾಖ್ಯೆ ನನಗೆ ಸಿಕ್ಕಿಲ್ಲ.

ಇಂದಿನ ಕಾಯ್ದೆಯಲ್ಲಿ ಇದು 3ನೇ ಸೆಕ್ಷನ್. ಅದರಲ್ಲಿ ನಮ್ಮಂಥವರು ಗಮನಿಸಬೇಕಾದ ಎರಡು ಮಾತುಗಳಿವೆ. ಒಪ್ಪಂದ ಬರಹದಲ್ಲೇ ಇರಬೇಕಿಲ್ಲ, ಬಾಯಿಮಾತಿನ ಹೊಂದಾಣಿಕೆಯೂ ಒಪ್ಪಂದವೇ. ಮತ್ತೆ, ಅದು ಮಾರಾಟದ ಬೆಲೆಗೆ ಮಾತ್ರ ಸೀಮಿತವಲ್ಲ, ಖರೀದಿಯ ಬೆಲೆಯನ್ನು ಕೂಡಿ ಗೊತ್ತುಮಾಡುವುದೂ ಅಷ್ಟೇ ತಪ್ಪು. ದಂಡವೂ ಸಣ್ಣದಲ್ಲ, ಕೂಟ ನಡೆದಷ್ಟು ವರ್ಷಗಳ ಲಾಭದ ಮೂರು ಪಟ್ಟಿನವರೆಗೂ ಹೋಗಬಹುದು.

ಹಾಗಾದರೆ ಅಪ್ಪಚ್ಚಿಯ ಮೂರು ಅಂಗಡಿಗಳು ಕಾರ್ಟೆಲ್ಲೇ? ಇಲ್ಲಿ ನಿಧಾನವಾಗಿ ಹೋಗಬೇಕು. ಪಾಠ ಮಾಡುವಾಗ ನಾನು ಅತಿ ಹೆಚ್ಚು ಹೊತ್ತು ನಿಲ್ಲುವ ಜಾಗ ಇದು.

ಮೂವರು ಒಂದೇ ಧಾರಣೆ ಹೇಳುವುದು ಒಳಸಂಚಿನ ಗುರುತೂ ಆಗಬಹುದು, ಬಿರುಸಿನ ಪೈಪೋಟಿಯ ಗುರುತೂ ಆಗಬಹುದು. ಗುಜರಾತಿನ ಕಡೆ ಮಾರಿದರೆ ಕಿಲೋಗೆ 430 ಸಿಗುತ್ತದೆ, ಗೋಣಿ, ಲಾರಿ, ಕೂಲಿ ಎಂದು 10 ಹೋಗುತ್ತದೆ ಎಂದಿಟ್ಟುಕೊಳ್ಳಿ. ಪೈಪೋಟಿ ಜೋರಾಗಿದ್ದರೆ ಒಬ್ಬ 410 ಅಂದರೆ ಇನ್ನೊಬ್ಬ 415 ಅನ್ನುತ್ತಾನೆ. ಏರುತ್ತಾ ಏರುತ್ತಾ ಮೂವರೂ 420ರ ಹತ್ತಿರ ಬಂದು ನಿಲ್ಲುತ್ತಾರೆ. ಒಂದೇ ಧಾರಣೆ. ಈಗ ಮೂವರೂ ಹಿಂದಿನ ರಾತ್ರಿ ಫೋನಿನಲ್ಲಿ ಮಾತಾಡಿ 400 ಎಂದು ಗೊತ್ತುಮಾಡಿದರೆನ್ನಿ. ಆಗಲೂ ಒಂದೇ ಧಾರಣೆ. ಗೋಣಿ ಹೊತ್ತು ನಿಂತವನಿಗೆ ಕೇಳುವುದು ಒಂದೇ ಸಂಖ್ಯೆ. ಅದು ಯಾವ ದಾರಿಯಿಂದ ಬಂತೆಂದು ಆ ಸಂಖ್ಯೆ ಹೇಳುವುದಿಲ್ಲ.

ಹೇಳುವುದು ಅದರ ಚಲನೆ. ಹೊರಗಿನ ಪೇಟೆಯಲ್ಲಿ ಬೆಲೆ ಇಳಿದ ದಿನವೇ ಇಲ್ಲಿ ಇಳಿದು, ಏರಿದಾಗ ಮಾತ್ರ ಹದಿನೈದು ದಿನ ಏರದಿದ್ದರೆ ಸಂಶಯಕ್ಕೆ ಜಾಗವುಂಟು. ಪಕ್ಕದ ಪೇಟೆಗೆ ಹತ್ತು ಮೈಲಿ ಹೋದರೆ ಸಾಗಾಟದ ಖರ್ಚಿಗಿಂತ ಹೆಚ್ಚಿನ ವ್ಯತ್ಯಾಸ ಕಂಡರೆ ಸಂಶಯ ಗಟ್ಟಿಯಾಗುತ್ತದೆ. ನಿಮ್ಮ ಮಾಲು ಆ ಅಂಗಡಿಗೆ ಹೋಗುವಂಥದ್ದು ಎಂದು ಯಾರಾದರೂ ಹೇಳಿ ಕಳಿಸಿದರೆ ಅದು ಬೆಲೆಗಿಂತಲೂ ದೊಡ್ಡ ಸುಳಿವು, ಗಿರಾಕಿಗಳನ್ನು ಹಂಚಿಕೊಂಡದ್ದರ ಸುಳಿವು.

ಇಂಥ ಕೂಟಗಳು ತಾವಾಗಿ ಮುರಿಯುವುದೂ ಉಂಟು. ಮೇಲಿನ ಲೆಕ್ಕದಲ್ಲೇ ನೋಡಿ. ಮೂವರೂ 400ಕ್ಕೆ ತಲಾ ನೂರು ಕ್ವಿಂಟಲ್ ಕೊಂಡರೆ ಕಿಲೋಗೆ 20ರಂತೆ ಒಬ್ಬೊಬ್ಬನಿಗೆ 2 ಲಕ್ಷ. ಒಬ್ಬ ಗುಟ್ಟಾಗಿ 405 ಕೊಟ್ಟರೆ ಮುನ್ನೂರು ಕ್ವಿಂಟಲೂ ಅವನ ಅಂಗಳಕ್ಕೆ ಬರುತ್ತದೆ. ಕಿಲೋಗೆ 15 ಉಳಿದರೂ ನಾಲ್ಕೂವರೆ ಲಕ್ಷ. ಆಸೆ ಪ್ರತಿಯೊಬ್ಬನಿಗೂ ಇರುತ್ತದೆ, ಉಳಿದವರು ಹೀಗೆ ಮಾಡಿಯಾರೆಂಬ ಭಯವೂ. ಕಾನೂನು ಈ ಬಿರುಕಿಗೇ ಸಲಾಕೆ ಹಾಕುತ್ತದೆ. ಕೂಟದೊಳಗಿನಿಂದ ಮೊದಲು ಬಂದು ಬಾಯಿಬಿಟ್ಟವನಿಗೆ ದಂಡದಲ್ಲಿ ರಿಯಾಯಿತಿ. 2021ರ ಸೆಪ್ಟೆಂಬರ್‌ನಲ್ಲಿ ಸ್ಪರ್ಧಾ ಆಯೋಗ ಬಿಯರ್ ಕಂಪನಿಗಳಿಗೆ 870 ಕೋಟಿಗೂ ಮೀರಿ ದಂಡ ಹಾಕಿತು. ಯುನೈಟೆಡ್ ಬ್ರೂವರೀಸ್ ಪಾಲು 750 ಕೋಟಿಗೂ ಮಿಕ್ಕಿ. ಮೊದಲು ಬಂದು ಹೇಳಿದ ಎಬಿ ಇನ್‌ಬೆವ್‌ಗೆ ಪೂರ್ತಿ ಮಾಫಿ.

ಟ್ರಸ್ಟ್ ಎಂಬ ಶಬ್ದ ನಮ್ಮವರನ್ನು ಬೇರೆ ರೀತಿ ದಾರಿ ತಪ್ಪಿಸುತ್ತದೆ. ಇಲ್ಲಿ ಟ್ರಸ್ಟ್ ಎಂದರೆ ದೇವಸ್ಥಾನದ್ದು, ಶಾಲೆಯದ್ದು, ಯಕ್ಷಗಾನ ಸಂಘದ್ದು. ಅಮೆರಿಕದಲ್ಲಿ ಅದು ಬೈಗುಳವಾಗುವ ಕಥೆ ಶುರುವಾದದ್ದು 1882ರಲ್ಲಿ. ಅಲ್ಲಿನ ಕಾನೂನಿನಲ್ಲಿ ಒಂದು ಕಂಪನಿ ಬೇರೆ ರಾಜ್ಯದ ಇನ್ನೊಂದು ಕಂಪನಿಯನ್ನು ಹಿಡಿದಿಟ್ಟುಕೊಳ್ಳಲು ತೊಡಕಿತ್ತು. ಜಾನ್ ರಾಕ್‌ಫೆಲರ್‌ನ ಸ್ಟ್ಯಾಂಡರ್ಡ್ ಆಯಿಲ್ ಇದಕ್ಕೆ ಧರ್ಮದರ್ಶಿ ವ್ಯವಸ್ಥೆಯನ್ನೇ ದಾರಿ ಮಾಡಿಕೊಂಡಿತು. ಸುಮಾರು ನಲವತ್ತು ಕಂಪನಿಗಳ ಷೇರುದಾರರು ತಮ್ಮ ಷೇರುಗಳನ್ನು ಒಂಬತ್ತು ಜನ ಟ್ರಸ್ಟಿಗಳ ವಶಕ್ಕೆ ಕೊಟ್ಟು, ಬದಲಿಗೆ ಪ್ರಮಾಣಪತ್ರ ಪಡೆದರು. ಹೊರಗೆ ನಲವತ್ತು ಹೆಸರು, ಒಳಗೆ ಒಂಬತ್ತು ತಲೆ. ಆ ದೇಶದ ತೈಲ ಶುದ್ಧೀಕರಣದ ಶೇಕಡ 90ರಷ್ಟು ಆ ಒಂದು ಕೈಯಲ್ಲಿತ್ತು.

ಕಾರ್ಟೆಲ್‌ಗೂ ಟ್ರಸ್ಟ್‌ಗೂ ಇರುವ ಅಂತರ ಇಲ್ಲಿ ಕಾಣುತ್ತದೆ. ಕಾರ್ಟೆಲ್‌ನವನು ನಾಳೆ ಮಾತು ಮುರಿದು ಹೊರಗೆ ಹೋಗಬಹುದು. ಟ್ರಸ್ಟ್‌ನೊಳಗಿನ ಕಂಪನಿಗೆ ಹೊರಗೆ ಹೋಗಲು ಕಾಲೇ ಇಲ್ಲ, ಏಕೆಂದರೆ ಒಡೆತನವೇ ಬೇರೆಯವರ ವಶವಾಗಿದೆ. ಇದರ ವಿರುದ್ಧ 1890ರಲ್ಲಿ ಷರ್ಮನ್ ಕಾಯ್ದೆ ಬಂತು. 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸ್ಟ್ಯಾಂಡರ್ಡ್ ಆಯಿಲನ್ನು 34 ಕಂಪನಿಗಳಾಗಿ ಒಡೆಸಿತು. ಅಷ್ಟರಲ್ಲಿ ಅದು ಟ್ರಸ್ಟಿನ ರೂಪ ಬಿಟ್ಟು, ಉಳಿದ ಕಂಪನಿಗಳ ಷೇರು ಹಿಡಿದ ತಾಯಿ ಕಂಪನಿಯಾಗಿತ್ತು. ಅಮೆರಿಕದಲ್ಲಿ ಸ್ಪರ್ಧಾ ಕಾನೂನನ್ನು ಇಂದಿಗೂ ಆ್ಯಂಟಿಟ್ರಸ್ಟ್ ಎಂದೇ ಕರೆಯುತ್ತಾರೆ. ಸುದ್ದಿಯಲ್ಲಿ ಗೂಗಲ್ ಮೇಲೆ ಟ್ರಸ್ಟ್ ವಿರೋಧಿ ಮೊಕದ್ದಮೆ ಎಂದು ಓದಿ, ಅದು ಯಾವ ಟ್ರಸ್ಟಿನ ಆಸ್ತಿ ನುಂಗಿತು ಎಂದು ಕೇಳಿದವರನ್ನು ನಾನು ಬಲ್ಲೆ. ತಪ್ಪು ಅವರದಲ್ಲ, ಸುದ್ದಿಯನ್ನು ಹಾಗೆ ಕನ್ನಡಕ್ಕೆ ತಂದವರದ್ದು.

ಗೊಂದಲ ಹೆಚ್ಚಿಸುವಂತೆ ನಮ್ಮಲ್ಲಿ ಟಾಟಾ ಟ್ರಸ್ಟ್‌ಗಳಿವೆ. ಟಾಟಾ ಸನ್ಸ್ ಎಂಬ ತಾಯಿ ಕಂಪನಿಯ ಶೇಕಡ 66ರಷ್ಟು ಷೇರು ಅವುಗಳದ್ದು. ಅವು ದಾನಧರ್ಮದ ಟ್ರಸ್ಟ್‌ಗಳೇ, ರಾಕ್‌ಫೆಲರ್‌ನ ಅರ್ಥದವಲ್ಲ. ಇನ್ನು ಉಪ್ಪು, ಚಹಾ, ಉಕ್ಕು, ಕಾರು, ಸಾಫ್ಟ್‌ವೇರ್ ಎಂದು ಸಂಬಂಧವಿಲ್ಲದ ಹತ್ತಾರು ವ್ಯವಹಾರಗಳನ್ನು ಒಂದೇ ಮನೆತನದ ಕೊಡೆಯಡಿ ಇಟ್ಟುಕೊಂಡ ಇಂಥ ಗುಂಪಿಗೆ ಹೆಸರು ಉದ್ಯಮ ಸಮೂಹ, ಕಾಂಗ್ಲಾಮರೇಟ್. ಅದು ಎಷ್ಟೇ ದೊಡ್ಡದಾದರೂ ಒಂದೊಂದು ಸರಕಿನಲ್ಲಿ ಅದಕ್ಕೆ ಪ್ರಬಲ ಎದುರಾಳಿ ಇರಬಹುದು. ಜಪಾನಿನ ಝೈಬಾತ್ಸು, ಕೊರಿಯಾದ ಚೇಬಾಲ್ ಈ ಜಾತಿಯವೇ. ಎರಡನ್ನೂ ಬರೆಯುವ ಚೀನೀ ಅಕ್ಷರಗಳೂ ಒಂದೇ, ಉಚ್ಚಾರ ಮಾತ್ರ ಬೇರೆ. ಮಿತ್ಸುಯಿ, ಮಿತ್ಸುಬಿಶಿಯಂಥ ಝೈಬಾತ್ಸುಗಳನ್ನು ಎರಡನೇ ಮಹಾಯುದ್ಧದ ನಂತರ ಅಮೆರಿಕದ ಆಡಳಿತ ಬಿಡಿಬಿಡಿ ಮಾಡಿತು. ಸ್ಯಾಮ್ಸಂಗ್, ಹ್ಯುಂಡೈನಂಥ ಚೇಬಾಲ್‌ಗಳು ಇಂದಿಗೂ ನಿಂತಿವೆ.

ಸಿಂಡಿಕೇಟ್ ಎಂದರೆ ಕರಾವಳಿಯವರಿಗೆ ಮೊದಲು ನೆನಪಾಗುವುದು ಬ್ಯಾಂಕು, ಆಮೇಲೆ ವಿಶ್ವವಿದ್ಯಾಲಯ. ಅರ್ಥಶಾಸ್ತ್ರದಲ್ಲಿ ಅದರ ಹಳೆಯ ಅರ್ಥ ಬೇರೆ. ಬೆಳೆಸುವುದು, ತಯಾರಿಸುವುದು ಅವರವರದ್ದು. ಮಾರುವುದು ಮಾತ್ರ ಎಲ್ಲರಿಗೂ ಸೇರಿದ ಒಂದು ಕಚೇರಿ. ಜರ್ಮನಿಯ ರೈನ್-ವೆಸ್ಟ್‌ಫಾಲಿಯಾ ಗಣಿಗಳವರು 1893ರಲ್ಲಿ ಕಲ್ಲಿದ್ದಲಿಗೆ ಇಂಥದ್ದನ್ನು ಕಟ್ಟಿದರು.

ಈ ವ್ಯಾಖ್ಯೆ ಕೇಳಿದಾಗ ನಮ್ಮ ಮಕ್ಕಳು ಕೂಡಲೇ ಕೈ ಎತ್ತುತ್ತಾರೆ: "ಹಾಗಾದ್ರೆ ಕ್ಯಾಂಪ್ಕೊ ಕೂಡ ಸಿಂಡಿಕೇಟಾ ಸರ್?" ಕ್ಯಾಂಪ್ಕೊ ಎಂದರೆ ನಮ್ಮ ಅಡಕೆ ಬೆಳೆಗಾರರ ಸಹಕಾರಿ. ಒಳ್ಳೆಯ ಪ್ರಶ್ನೆ. ಉತ್ತರಿಸಲು ಮಾರುಕಟ್ಟೆಯನ್ನು ತಲೆಕೆಳಗು ಮಾಡಿ ನೋಡಬೇಕು.

ಇಲ್ಲಿಯವರೆಗಿನ ಶಬ್ದಗಳೆಲ್ಲ ಹೆಚ್ಚಾಗಿ ಮಾರುವವರ ಬಲದ್ದು. ತೋಟಗಾರನ ಸಂಕಟ ಕೊಳ್ಳುವವರ ಬಲದಲ್ಲಿದೆ. ಒಬ್ಬನೇ ಕೊಳ್ಳುವವನಿರುವ ಸ್ಥಿತಿಗೆ ಮೊನಾಪ್ಸನಿ ಎಂಬ ಹೆಸರನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲಿ ಬಳಕೆಗೆ ತಂದರು. ಕೆಲವರೇ ಕೊಳ್ಳುವವರಿದ್ದರೆ ಆಲಿಗಾಪ್ಸನಿ. ಕನ್ನಡದಲ್ಲಿ ನಾಲಿಗೆಗೆ ಒಗ್ಗುವ ಶಬ್ದ ಇನ್ನೂ ಬಂದಿಲ್ಲ. ತರಗತಿಯಲ್ಲಿ ನಾನು ಎರಡಕ್ಕೂ ಕೊಳ್ಳುಗಸ್ವಾಮ್ಯ ಎನ್ನುತ್ತೇನೆ. ಅಡಕೆ, ರಬ್ಬರು, ಕೋಕೋ ಬೆಳೆಯುವ ಜಿಲ್ಲೆಗೆ ಈ ಶಬ್ದ ಏಕಸ್ವಾಮ್ಯಕ್ಕಿಂತ ಹೆಚ್ಚು ಬೇಕಾದದ್ದು. ನಮ್ಮ ಮೂಡಣ ಗುಡ್ಡಗಳ ರಬ್ಬರ್ ಬೆಳೆಗಾರರನ್ನು ನೋಡಿ. ಟಯರ್ ಕಂಪನಿಗಳು ಟಯರ್ ಮಾರುವಾಗ ಅಲ್ಪಸ್ವಾಮ್ಯದವರು, ರಬ್ಬರ್ ಕೊಳ್ಳುವಾಗ ಕೊಳ್ಳುಗಸ್ವಾಮ್ಯದವರು. ಟಯರ್ ಬೆಲೆಯನ್ನು ಕೂಡಿ ಏರಿಸಿದರೆಂದು ಐದು ಕಂಪನಿಗಳಿಗೂ ಅವುಗಳ ಸಂಘಕ್ಕೂ ಸ್ಪರ್ಧಾ ಆಯೋಗ ಹಾಕಿದ 1,788 ಕೋಟಿ ದಂಡದ ಆದೇಶ 2022ರ ಫೆಬ್ರವರಿಯಲ್ಲಿ ಹೊರಬಂತು. ಮೇಲ್ಮನವಿ ನ್ಯಾಯಮಂಡಳಿ ಅದೇ ಡಿಸೆಂಬರ್‌ನಲ್ಲಿ ಮರುಪರಿಶೀಲಿಸಿ ಎಂದು ಪ್ರಕರಣವನ್ನು ವಾಪಸು ಕಳಿಸಿತು.

ಕೊಳ್ಳುವವನ ಬಲ ಎಷ್ಟೆಂಬುದು ಸರಕಿನ ಗುಣದ ಮೇಲೂ ನಿಂತಿದೆ. ಚಾಲಿ ಅಡಕೆಯನ್ನು ಒಣಗಿಸಿ, ಗೋಣಿ ಕಟ್ಟಿ ಅಟ್ಟಕ್ಕೇರಿಸಿದರೆ ವರ್ಷ ಕಾಯಬಹುದು. ಹಳೆ ಅಡಕೆಗೆ ಹೆಚ್ಚಿನ ಧಾರಣೆಯೂ ಉಂಟು. ಕೋಕೋ ಹಾಗಲ್ಲ. ಕಾಯಿ ಒಡೆದು ತೆಗೆದ ಹಸಿ ಬೀಜ ಬಿಳಿ ಲೋಳೆಯೊಡನೆ ಬಕೆಟ್ಟಿನಲ್ಲಿ ಕೂತಿರುತ್ತದೆ. ಸಂಜೆಗೆ ಹುಳಿ ವಾಸನೆ ಶುರು. ಜಡಿಮಳೆಯಲ್ಲಿ ಮನೆಯಲ್ಲೇ ಹುಳಿಯಿಸಿ ಒಣಗಿಸುವುದು ಎಲ್ಲರಿಂದ ಆಗುವ ಮಾತಲ್ಲ. ಅದನ್ನು ಹೊತ್ತು ಹೋದವನಿಗೆ ನಾಳೆ ಬರುತ್ತೇನೆ ಎನ್ನುವ ಮಾತೇ ಇಲ್ಲ. 1970ರ ದಶಕದಲ್ಲಿ ಅಡಕೆ ತೋಟದೊಳಗೆ ಕೋಕೋ ಹಬ್ಬಿತು. ಆ ದಶಕದ ಕೊನೆಗೆ ಬೆಲೆ ಬಿದ್ದು, ಕೊಳ್ಳುತ್ತಿದ್ದ ಕಂಪನಿ ಕೈ ಹಿಂದೆಗೆದಾಗ ಗಿಡ ಕಡಿದು ಹಾಕಿದವರಿದ್ದಾರೆ. ಕೊಳ್ಳುಗಸ್ವಾಮ್ಯ ಎಂದರೇನೆಂದು ಆ ಬುಡಗಳು ಪುಸ್ತಕಕ್ಕಿಂತ ಚೆನ್ನಾಗಿ ಹೇಳಿದವು.

ಕ್ಯಾಂಪ್ಕೊ ಹುಟ್ಟಿದ್ದು ಇದಕ್ಕೂ ಮುಂಚೆ, ಅಡಕೆ ಧಾರಣೆ ಕುಸಿದಿದ್ದ ಕಾಲದಲ್ಲಿ. 1973ರ ಜುಲೈ 11ರಂದು ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರ ಸಹಕಾರಿಯಾಗಿ ಶುರುವಾಯಿತು. ಕೋಕೋ ಅನಾಥವಾದಾಗ ಅದನ್ನೂ ಕೊಳ್ಳತೊಡಗಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು.

ರೂಪ ನೋಡಿದರೆ ಅದು ಸಿಂಡಿಕೇಟನ್ನು ಹೋಲುತ್ತದೆ: ಬೆಳೆ ಅವರವರದ್ದು, ಮಾರಾಟ ಒಟ್ಟಾಗಿ. ಆದರೆ ಅದರೊಳಗೆ ಸೇರಲೇಬೇಕೆಂಬ ಕಟ್ಟು ಯಾರಿಗೂ ಇಲ್ಲ, ಬೇರೆ ಅಂಗಡಿಗೆ ಕೊಟ್ಟವನಿಗೆ ದಂಡವಿಲ್ಲ, ಸದಸ್ಯತ್ವಕ್ಕೆ ಬಾಗಿಲು ತೆರೆದಿದೆ, ಧಾರಣೆ ಹಲಗೆಯ ಮೇಲೆ ಎಲ್ಲರೆದುರು ಇದೆ. ಕಾರ್ಟೆಲ್ ಬದುಕುವುದು ಗುಟ್ಟಿನಲ್ಲಿ, ಸಹಕಾರಿ ಬದುಕುವುದು ಹಲಗೆಯಲ್ಲಿ. ಈ ಅಂತರವನ್ನು ಕಾನೂನುಗಳೂ ಕಂಡಿವೆ. ಟ್ರಸ್ಟ್‌ಗಳನ್ನು ಒಡೆದ ಅಮೆರಿಕವೇ 1922ರಲ್ಲಿ ಕ್ಯಾಪರ್-ವೋಲ್‌ಸ್ಟೆಡ್ ಕಾಯ್ದೆ ತಂದು ರೈತರು ಕೂಡಿ ಮಾರಲು ಬಿಡುವು ಕೊಟ್ಟಿತು. ನೂರು ಸಣ್ಣ ಮಾರುವವರು ಮೂವರು ದೊಡ್ಡ ಕೊಳ್ಳುವವರ ಎದುರು ಒಟ್ಟಾಗುವುದನ್ನು ಮೂವರು ದೊಡ್ಡವರ ಒಳಮಾತಿನ ಜೊತೆ ಒಂದೇ ತಕ್ಕಡಿಯಲ್ಲಿ ಇಡುವುದು ನನ್ನ ಮಟ್ಟಿಗೆ ಅನ್ಯಾಯವೇ. ಹಾಗೆಂದು ಸಹಕಾರಿ ಎಂಬ ಹೆಸರು ಎಲ್ಲ ನಡತೆಗೂ ರಕ್ಷೆಯಲ್ಲ. ಹೊಸಬರಿಗೆ ಬಾಗಿಲು ಮುಚ್ಚಿ, ಹೊರಗೆ ಮಾರಿದವನನ್ನು ಶಿಕ್ಷಿಸಲು ಹೊರಟರೆ ಅದೂ ಹೆಸರು ಬದಲಿಸಿಕೊಂಡ ಕೂಟವೇ ಆಗುತ್ತದೆ.

ಆ ದಿನ ನಾವು ಅಡಕೆ ಕೊಡದೆ ವಾಪಸು ಬಂದೆವು. ಅಪ್ಪಚ್ಚಿ ಗೋಣಿಗಳನ್ನು ಅಟ್ಟಕ್ಕೇರಿಸಿ, ಹಳೆಯ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ನಾಲ್ಕು ಗೆರೆ ಎಳೆದರು: ತಾರೀಕು, ಪೇಟೆಯ ಮೂರು ಅಂಗಡಿಗಳ ಧಾರಣೆ, ಸಹಕಾರಿಯ ಧಾರಣೆ, ಪಕ್ಕದ ಪೇಟೆಯದ್ದು. ಆಟಿ ತಿಂಗಳು ಮುಗಿಯುವ ಹೊತ್ತಿಗೆ ಎರಡು ಪುಟ ತುಂಬಿತ್ತು. ಸಹಕಾರಿ ಏರಿಸಿದ ಎರಡು ದಿನದೊಳಗೆ ಮೂರರಲ್ಲಿ ಒಂದು ಅಂಗಡಿ ಪ್ರತಿ ಸಲವೂ ಏರಿಸಿದೆ, ಉಳಿದೆರಡು ವಾರ ಕಳೆದು. ಮೂವರೂ ಕೂಡಿದ್ದರೆ ಮೊದಲನೆಯವರು ಹೀಗೆ ಮುರಿಯುತ್ತಿರಲಿಲ್ಲ ಎಂದು ನಾನಂದೆ. ಅಪ್ಪಚ್ಚಿ ಕನ್ನಡಕ ಏರಿಸಿ ಆ ಕಾಲಮ್ಮನ್ನು ಇನ್ನೊಮ್ಮೆ ಬೆರಳಲ್ಲಿ ಓದಿದರು. ಮರುದಿನ ಎರಡು ಗೋಣಿ ಆ ಅಂಗಡಿಗೆ ಹೋಯಿತು, ಎರಡು ಅಟ್ಟದಲ್ಲೇ ಉಳಿಯಿತು.